ತೇಲುವ ಗಡ್ಡಿಯ ಉಚ್ಚೆಂಗಮ್ಮ

ಜಡೆಪ್ಪಗೌಡರು ನನ್ನ ಅಜ್ಜ. ಆದ್ದರಿಂದ ಅವರನ್ನು ಬೈಯುವ ಹಕ್ಕು ನನಗೆ ಹುಟ್ಟಿನಿಂದ ಬಂದಿದೆ. ಇಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಳ್ಳುತ್ತೇನೆ. ಆದರೆ ಇದು ಅವರ ಚರಿತ್ರೆಯಲ್ಲ. ತಮ್ಮ ಚರಿತ್ರೆ ಬರೆಸಲೆಂದು ಅವರು ಬಳ್ಳಾರಿಯಿಂದ ಒಬ್ಬ ಕವಿಯನ್ನು ಕರೆಸಿ ಮಳೆಗಾಲವಿಡೀ ತುಪ್ಪದ ಊಟ ಹಾಕಿದ್ದರು. ಕವಿ ಮೈ ತುಂಬಿಕೊಂಡು ಊರಿಗೆ ಹೋದ. ಕಾವ್ಯ ಇವತ್ತಿನವರೆಗೂ ಬಂದಿಲ್ಲ. ಇದು ಉಚ್ಚೆಂಗಮ್ಮನ ಕತೆ. ಆಕೆ ನಮ್ಮೂರಲ್ಲಿ ಚಾಪೆ ಹೆಣೆದು ಬದುಕಿದವಳು. ಇದನ್ನೆಲ್ಲ ನನಗೆ ಹೇಳಿದವಳು ಅಜ್ಜಿ ಚೆನ್ನಬಸಮ್ಮ. ಅಜ್ಜ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು.

ನಮ್ಮೂರು ಜೊಂಡಿಕೆರೆ. ಮರಿಯಮ್ಮನಹಳ್ಳಿಯಿಂದ ಎತ್ತಿನ ಗಾಡಿ ಹೂಡಿದರೆ ಎಲೆಯಡಿಕೆ ಮುಗಿಯುವುದರೊಳಗೆ ಸಿಗುತ್ತದೆ. ಊರಿಗಿಂತ ಕೆರೆ ದೊಡ್ಡದು, ಕೆರೆಗಿಂತ ಊರಿನವರ ಬಾಯಿ ದೊಡ್ಡದು. ಕೆರೆಯ ತುಂಬ ಜೊಂಡು ಬೆಳೆಯುತ್ತಿತ್ತು. ಉಚ್ಚೆಂಗಮ್ಮ ಅದನ್ನು ಕೊಯ್ದು ತಂದು, ಒಣಗಿಸಿ, ಚಾಪೆ ಹೆಣೆದು, ಹೊಸಪೇಟೆ ಸಂತೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಎತ್ತರದ ಹೆಂಗಸು, ದವಡೆಯಲ್ಲಿ ಸದಾ ಹೊಗೆಸೊಪ್ಪು. ಸಂತೆಯಲ್ಲಿ ಆಕೆಯ ಜೊತೆ ಚೌಕಾಸಿ ಮಾಡಿದವರು ಚಾಪೆಯ ಜೊತೆಗೆ ತಮ್ಮ ಮನೆತನದ ಬಗ್ಗೆ ನಾಲ್ಕು ಮಾತನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಗಂಡ ತಾಯಪ್ಪ ಜ್ವರ ಬಂದು ತೀರಿಕೊಂಡಾಗ ಆಕೆಗೆ ಉಳಿದದ್ದು ಒಂದು ಚರ್ಮದ ಹರಿಗೋಲು, ಎರಡಂಕಣದ ಮಣ್ಣಿನ ಮಾಳಿಗೆ ಮನೆ, ಹೊಳೆಮ್ಮ ಎಂಬ ಮಗಳು. ಮಗಳನ್ನು ಕಂಪ್ಲಿಗೆ ಕೊಟ್ಟು ಮದುವೆ ಮಾಡಿದ ಮೇಲೆ ಒಬ್ಬಳೇ ಇದ್ದಳು, ಯಾರ ತಂಟೆಗೂ ಹೋಗದೆ. ಅಂದರೆ, ಯಾರೂ ಅವಳ ತಂಟೆಗೆ ಬರದಿದ್ದಾಗ.

ಮದ್ರಾಸಿನ ಸರ್ಕಾರ ನಮ್ಮನ್ನು ಆಳುತ್ತಿದ್ದ ಕಾಲ. ಇಸವಿ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಒಂದು ದಿನ ನಮ್ಮ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿ ಉಚ್ಚೆಂಗಮ್ಮ ಕೊಯ್ದು ಒಟ್ಟಿದ್ದ ಹಸಿ ಜೊಂಡನ್ನೆಲ್ಲ ಮೇದುಬಿಟ್ಟಿತು. ಆಕೆ ಬೈಯಲಿಲ್ಲ, ಹೊಡೆಯಲಿಲ್ಲ. ಎಮ್ಮೆಯನ್ನು ತನ್ನ ಮನೆ ಮುಂದೆ ಕಟ್ಟಿಕೊಂಡು ಹಾಲು ಕರೆಯತೊಡಗಿದಳು. ಅಜ್ಜ ಆಳು ಕಳಿಸಿದರು. ಆಳಿಗೆ ಮಜ್ಜಿಗೆ ಕುಡಿಸಿ ವಾಪಸ್ ಕಳಿಸಿದಳು. ಕಡೆಗೆ ಪಂಚಾಯ್ತಿ ಕೂಡಿತು. "ಎಮ್ಮಿ ಯಾರದಬೇ?" ಎಂದು ಅಜ್ಜ ಗುಡುಗಿದರು.

"ಎಮ್ಮಿ ನಿಮ್ದರಿ. ಅದು ಮೇದಿದ್ದು ನನ್ನ ಜೊಂಡು, ಹಂಗಾಗಿ ಹಾಲು ನಂದು. ಸಗಣಿ ಯಾರ್ದು ಅಂತ ತಿಳೀವಲ್ದು. ಬೇಕಾದ್ರ ಗೌಡ್ರು ಒಯ್ರಿ," ಎಂದಳು ಉಚ್ಚೆಂಗಮ್ಮ.

ಪಂಚರು ನಕ್ಕುಬಿಟ್ಟರು. ಅಕ್ಕಿ ಅಂಗಡಿ ಉಜ್ಜಿನಪ್ಪನಂತೂ ಕಟ್ಟೆಯಿಂದ ಉರುಳುವಷ್ಟು ನಕ್ಕ. ಹಾಲು ಹೋದದ್ದನ್ನು ಅಜ್ಜ ಸಹಿಸಿಕೊಳ್ಳುತ್ತಿದ್ದರೇನೋ, ಈ ನಗುವನ್ನು ಮಾತ್ರ ಸಹಿಸಲಿಲ್ಲ. ಉಚ್ಚೆಂಗಮ್ಮ ಇನ್ನು ಊರ ಮಣ್ಣು ತುಳಿಯಕೂಡದು ಎಂದು ತೀರ್ಪು ಕೊಟ್ಟರು. ನಕ್ಕವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಆಕೆಯ ಮನೆ ಬಾಗಿಲಿಗೆ ಜಾಲಿ ಮುಳ್ಳು ಹಚ್ಚಿದರು.

ಎಲ್ಲರೂ ಆಕೆ ಕಂಪ್ಲಿಗೆ ಹೋಗುತ್ತಾಳೆ ಅಂದುಕೊಂಡರು. ಆಕೆ ಹರಿಗೋಲು ಹತ್ತಿ ಕೆರೆಗೆ ಹೋದಳು.

ನಮ್ಮ ಕೆರೆಯಲ್ಲಿ ಒಂದು ಗಡ್ಡಿ ಇತ್ತು. ನಮ್ಮ ಕಡೆ ಹೊಳೆ ನಡುವಿನ ನೆಲಕ್ಕೆ ಗಡ್ಡಿ ಎನ್ನುತ್ತಾರೆ. ಆದರೆ ಈ ಗಡ್ಡಿಗೆ ಅಡಿಯಲ್ಲಿ ನೆಲವಿರಲಿಲ್ಲ. ವರ್ಷಗಟ್ಟಲೆ ಜೊಂಡಿನ ಬೇರು ಬೇರಿಗೆ ಹೆಣೆದುಕೊಂಡು, ಮೇಲೆ ಕೊಳೆತ ಎಲೆ, ಹೂಳು, ಹಕ್ಕಿಯ ಹಿಕ್ಕೆ ಕೂತು ಮಂದವಾದ ಹಾಸಾಗಿತ್ತು. ಯಾವುದೋ ಒಳ್ಳೆಯ ಮಳೆಗೆ ಕೆರೆ ಕೋಡಿ ಬಿದ್ದಾಗ ಆ ಹಾಸು ತಳದಿಂದ ಕಿತ್ತುಕೊಂಡು ಮೇಲೆದ್ದಿತು. ಅಂದಿನಿಂದ ಗಾಳಿ ಬೀಸಿದ ಕಡೆ ತೇಲಿಕೊಂಡು ಹೋಗುವುದು, ಗಾಳಿ ನಿಂತರೆ ತಾನೂ ನಿಲ್ಲುವುದು. ಒಬ್ಬರು ನಡೆದರೆ ಕಾಲ ಕೆಳಗೆ ಹಾಸಿಗೆಯ ಹಾಗೆ ಅದುರುತ್ತಿತ್ತು. ಅದರ ಮೇಲೆ ಉಚ್ಚೆಂಗಮ್ಮ ತಾನು ಹೆಣೆದ ಚಾಪೆಗಳಿಂದಲೇ ಗುಡಿಸಲು ಕಟ್ಟಿದಳು. ಪುಂಡಿನಾರಿನ ದಪ್ಪ ಹಗ್ಗದಿಂದ ಗಡ್ಡಿಯನ್ನು ದಂಡೆಯ ಬಂಡೆಗೆ ಕಟ್ಟಿ, ಬೇಕೆಂದಾಗ ಬಿಚ್ಚಿ, ಬೇಕಾದ ಕಡೆ ಜಗ್ಗಿಕೊಂಡು ಹೋಗುತ್ತಿದ್ದಳು.

ಹೆಚ್ಚಾಗಿ ಬೇಕಾಗುತ್ತಿದ್ದ ಕಡೆ ಎಂದರೆ ಹೆಂಗಸರು ಬಟ್ಟೆ ಒಗೆಯುವ ಕಲ್ಲು. ಗಡ್ಡಿಯ ಅಂಚಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತು ಊರಿನ ಸಮಾಚಾರವನ್ನೆಲ್ಲ ಕೇಳುವಳು, ಕೇಳಿದ್ದಕ್ಕೆ ಇನ್ನಷ್ಟು ಸೇರಿಸಿ ಹೇಳುವಳು. ಬಟ್ಟೆ ಒಗೆಯಲು ಹೋದವರು ಮಧ್ಯಾಹ್ನವಾದರೂ ಮನೆಗೆ ಬರುತ್ತಿರಲಿಲ್ಲ. ಹೋಗುವಾಗ ಸೆರಗಿನಲ್ಲಿ ಆಕೆಗೆಂದು ಜೋಳದ ಹಿಟ್ಟು, ಬರುವಾಗ ಹೊಟ್ಟೆ ತುಂಬ ನಗು. ಅಜ್ಜ ಕೋಲು ಹಿಡಿದು ಬಂದು ಕೂಗಾಡಿದರೆ ಆಕೆ ಎರಡೂ ಪಾದ ಎತ್ತಿ ತೋರಿಸುತ್ತಿದ್ದಳು. "ನೋಡ್ರಿ ಗೌಡ್ರ, ಊರ ಮಣ್ಣು ಎಲ್ಲಿ ಹತ್ತೈತಿ?"

ಪಂಚರು ಕೆರೆಯ ಏರಿಯ ಮೇಲೆ ಮತ್ತೆ ಸೇರಬೇಕಾಯಿತು. ಉಜ್ಜಿನಪ್ಪ ಕೇಳಿದ: "ಗೌಡ್ರ, ಕೆರಿ ನಮ್ಮೂರಿಂದು. ಕೆರಿ ಮ್ಯಾಲಿಂದು ನಮ್ಮೂರಿಂದಲ್ಲೇನ್ರಿ?"

ಅಜ್ಜನಿಗೆ ಇಕ್ಕಟ್ಟಾಯಿತು. ಗಡ್ಡಿ ಊರಿನದು ಎಂದರೆ ಆಕೆ ಊರೊಳಗೇ ಇದ್ದಾಳೆ, ತೀರ್ಪು ನೀರುಪಾಲಾಯಿತು. "ನೆಲಕ್ಕ ಅಂಟಿಕೊಂಡಿದ್ರ ಊರು. ತೇಲೋದು ಊರಲ್ಲ. ಗಡ್ಡಿ ಊರ ಹೊರಗ," ಎಂದು ಸಾರಿದರು. ಸಾರಿ, ಗೆದ್ದವರ ಹಾಗೆ ಮೀಸೆ ತಿರುವಿಕೊಂಡು ಮನೆಗೆ ಬಂದರು.

ಆಕೆ ಹೀಗೆ ನಗುತ್ತ ಇದ್ದುಬಿಡುತ್ತಿದ್ದಳು. ಆದರೆ ಕಂಪ್ಲಿಯಿಂದ ಸುದ್ದಿ ಬಂತು, ಹೊಳೆಮ್ಮ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅದು ಎಲ್ಲ ಜಾತಿಗೂ ಇರುವ ಪದ್ಧತಿ. ಹೊಳೆಮ್ಮನ ಅತ್ತೆ ಹೇಳಿ ಕಳಿಸಿದ್ದಳು: "ನಿಮ್ಮವ್ವಗ ಊರಽ ಇಲ್ಲ, ನಿನಗ ತವರೆಲ್ಲಿ? ಇಲ್ಲೇ ದನದ ಕೊಟ್ಟಿಗ್ಯಾಗ ಹಡಿ." ಆ ಮನೆಯ ಹಿರಿಯ ಸೊಸೆ ಅದೇ ಕೊಟ್ಟಿಗೆಯಲ್ಲಿ ಹಡೆಯಲು ಹೋಗಿ, ಸೂಲಗಿತ್ತಿಗೆ ಯಾಕೆ ಸುಮ್ಮನೆ ಕಾಳು ಕೊಡುವುದು ಎಂದು ಅತ್ತೆ ಕರೆಸದೆ ಹೋದದ್ದರಿಂದ ಸತ್ತಿದ್ದಳು. ಉಚ್ಚೆಂಗಮ್ಮ ಹೆದರಿದ್ದನ್ನು ಅಜ್ಜಿ ಆಗಲೇ ಮೊದಲು ನೋಡಿದ್ದಂತೆ. ಕಂಪ್ಲಿಗೆ ನಡೆದುಹೋಗಿ, ಹೊಸಪೇಟೆಗೆ ಬರುವ ಬೆಲ್ಲದ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಕರೆತಂದಳು.

ಕರೆತಂದದ್ದು ಗಡ್ಡಿಗೆ. ಬಾಯಲ್ಲಿ ಎಷ್ಟೇ ಜೋರಿದ್ದರೂ ಆಕೆಗೆ ಗೊತ್ತಿತ್ತು, ಅದು ಹಡೆಯುವ ಜಾಗವಲ್ಲ. ಚಾಪೆಯ ಮೇಲೆ ಚಾಪೆ ಹಾಕಿದರೂ ಅಡಿಯಿಂದ ನೀರು ಜಿನುಗುತ್ತಿತ್ತು. ಜೊಂಡಿನಲ್ಲಿ ಹಾವಿದ್ದವು, ಸೊಳ್ಳೆಯಂತೂ ಹೊಗೆಯ ಹಾಗೆ ಏಳುತ್ತಿದ್ದವು. ಹಸಿಗೂಸು ಆ ತೇವದಲ್ಲಿ ಉಳಿಯುವುದಿಲ್ಲ. ಸುಡು ನೀರು, ಬೆಚ್ಚನೆಯ ಮೂಲೆ, ತಲೆ ಮೇಲೆ ಮಾಳಿಗೆ ಬೇಕು. ಅವೆಲ್ಲ ಇದ್ದ ಸ್ವಂತ ಮನೆ ಏರಿಯ ಆಚೆ ಕಣ್ಣಿಗೆ ಕಾಣುತ್ತಿತ್ತು, ಬಾಗಿಲಿಗೆ ಮುಳ್ಳು ಹಚ್ಚಿಸಿಕೊಂಡು.

ಆಗ ಆಕೆ ಹರಿಗೋಲಿನಲ್ಲಿ ನಿಂತು ದಂಡೆಯ ಮೇಲಿದ್ದ ಅಜ್ಜನಿಗೆ ಕೈಮುಗಿದಳು. "ನಾ ಬರಂಗಿಲ್ರಿ ಗೌಡ್ರ. ನನ್ನ ಮಗಳೊಬ್ಬಾಕಿಗೆ ಮನಿ ಬಾಗಲ ಬಿಡಿಸಿಕೊಡ್ರಿ. ಹಡದು ಹೋಗ್ತಾಳ."

ಇಲ್ಲಿಗೆ ಬಂದಾಗಲೆಲ್ಲ ಅಜ್ಜಿಯ ದನಿ ಏರುತ್ತಿತ್ತು. ಬೇರೆ ಯಾವ ಗಂಡಸಾದರೂ "ಆಗಲಿ" ಎಂದುಬಿಡುತ್ತಿದ್ದ. ಅಜ್ಜ ಹಾಗೆನ್ನಲಿಲ್ಲ. ಊರೆಲ್ಲ ನೋಡುವಂತೆ ನಮ್ಮ ಎಮ್ಮೆಯ ಕಾಲಿಗೂ ತಮ್ಮ ಕಾಲಿಗೂ ಬಿದ್ದು ತಪ್ಪಾಯಿತು ಅನ್ನಬೇಕು ಎಂದರು.

"ಎಮ್ಮಿ ಕಾಲಿಗೆ ಬೀಳ್ತೀನಿ. ಅದು ನನಗ ಹಾಲು ಕೊಟ್ಟೈತಿ," ಎಂದಳು ಉಚ್ಚೆಂಗಮ್ಮ. "ನೀವೇನು ಕೊಟ್ಟೀರಿ?"

ಮಾತು ಅಲ್ಲಿಗೇ ಮುರಿಯಿತು. ನಾಲಿಗೆ ಸ್ವಲ್ಪ ತಡೆದುಕೊಳ್ಳಬಾರದಿತ್ತೇ ಎಂದು ನಾನು ಕೇಳಿದರೆ ಅಜ್ಜಿ ನನ್ನನ್ನೇ ಬೈಯುತ್ತಿದ್ದಳು.

ಆ ವರ್ಷ ದನಗಳಿಗೆ ಜಾಡ್ಯ ಬಂತು. ಊರಮ್ಮನಿಗೆ ಹೊರಬೀಡು ಮಾಡುವುದೆಂದು ನಿಶ್ಚಯವಾಯಿತು. ಹೊರಬೀಡು ಎಂದರೆ ಒಂದು ಮಂಗಳವಾರ ಸೂರ್ಯ ಹುಟ್ಟುವ ಮುಂಚೆ ಒಲೆಗಳನ್ನೆಲ್ಲ ಆರಿಸಿ, ಮಕ್ಕಳು ಮುದುಕರು ದನ ಕರು ಕೋಳಿ ಸಮೇತ ಇಡೀ ಊರು ಸೀಮೆಕಲ್ಲಿನ ಆಚೆ ಹೋಗಬೇಕು. ಊರಬಾಗಿಲ ಅಗಸೆಗೆ ಮುಳ್ಳು ಹಚ್ಚಬೇಕು. ಹೊತ್ತು ಮುಳುಗುವವರೆಗೆ ಊರಲ್ಲಿ ಓಡಾಡುವವಳು ಊರಮ್ಮ ಒಬ್ಬಳೇ. ಮನುಷ್ಯರು ಇಣುಕಿದರೆ ಕಣ್ಣು ಹೋಗುತ್ತದೆ. ಹೊರಗೆ ತಿನ್ನಲು ಹಿಂದಿನ ದಿನವೇ ಮಾಡಿದ ಬುತ್ತಿ. ಸಂಜೆ ತಿರುಗಿ ಬಂದ ಮೇಲೆ ಗೌಡರು ಗುಡಿ ಮುಂದೆ ಚಕಮಕಿ ಹೊಡೆದು ಹೊಸ ಬೆಂಕಿ ಹುಟ್ಟಿಸಬೇಕು, ಅದರಿಂದ ಮನೆಮನೆಯ ಒಲೆ ಹೊತ್ತಬೇಕು. ಕಡ್ಡಿಪೆಟ್ಟಿಗೆಯ ಬೆಂಕಿ ನಡೆಯುವುದಿಲ್ಲ, ಹೊರಗಿನಿಂದ ತಂದದ್ದಂತೂ ಆಗಲೇಬಾರದು. ಆ ದಿನ ಊರೊಳಗೇ ಹುಟ್ಟಿದ ಬೆಂಕಿಯಾಗಬೇಕು.

ಊರಿನವರು ಏರಿಯ ಕೆಳಗಿನ ಮಾವಿನ ತೋಪಿಗೆ ಹೋದರು. ಅಜ್ಜನಿಗೆ ತೋಪು ಬೇಡವಾಗಿತ್ತು. ಹಿಂದಿನ ಸಲದ ಹೊರಬೀಡಿನಲ್ಲಿ ಆ ಮರಗಳ ಕೆಂಜಿಗ ಅವರ ಧೋತರದೊಳಗೆ ಹೊಕ್ಕು, ಗೌಡರು ಊರೆಲ್ಲರ ಎದುರು ಕುಣಿದಿದ್ದರು. ಈ ಸಲ ಅವರಿಗೊಂದು ಘನವಾದ ಆಲೋಚನೆ ಹೊಳೆಯಿತು. ಗಡ್ಡಿ ಊರ ಹೊರಗೆ ಎಂದು ತಾವೇ ಸಾರಿದ್ದರಲ್ಲ. ಅಲ್ಲಿ ಕೂತರೆ ಅದೂ ಹೊರಬೀಡೇ. ತಂಪು ಗಾಳಿ, ಇರುವೆಯಿಲ್ಲ. ಪಂಚರನ್ನೂ ಹೋಳಿಗೆಯ ಬುತ್ತಿಯನ್ನೂ ಉಣ್ಣುವ ದೊಡ್ಡ ಹಿತ್ತಾಳೆ ಗಂಗಾಳಗಳನ್ನೂ ಕಟ್ಟಿಕೊಂಡು ನಸುಕಿನಲ್ಲೇ ಗಡ್ಡಿ ಹತ್ತಿದರು.

ಹೊಳೆಮ್ಮನಿಗೆ ಆಗಲೇ ಹೆರಿಗೆಯ ಬ್ಯಾನೆ ಶುರುವಾಗಿತ್ತು. ಉಚ್ಚೆಂಗಮ್ಮ ಗುಡಿಸಲಿನಿಂದ ಹೊರಗೆ ಬಂದು, "ಇವತ್ತೊಂದಿನ ಬ್ಯಾಡ್ರಿ ಗೌಡ್ರ, ಹುಡುಗಿ ಬ್ಯಾನಿ ತಿನ್ನಾಕ ಹತ್ಯಾಳ," ಎಂದಳು.

"ಹರಿಗೋಲಿನ್ಯಾಗ ಹಾಕ್ಕೊಂಡು ಆಚಿ ದಂಡಿಗೆ ಹೋಗು," ಎಂದರು ನನ್ನ ಅಜ್ಜ, ಹೋಳಿಗೆಯ ಬುತ್ತಿ ಬಿಚ್ಚುತ್ತ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಅವರಿಗೆ ಆಗಲಿಲ್ಲ.

ಉಚ್ಚೆಂಗಮ್ಮ ಮಗಳನ್ನು ಹರಿಗೋಲಿನಲ್ಲಿ ಮಲಗಿಸಿದಳು. ಚಾಪೆ, ಗಡಿಗೆ, ಕುಡುಗೋಲು, ತನ್ನ ಚಕಮಕಿ ಎತ್ತಿಕೊಂಡಳು. ಆಮೇಲೆ ಗಡ್ಡಿಯನ್ನು ಬಂಡೆಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಸುತ್ತಿಕೊಂಡಳು. ಹಡೆಯುವವಳು ತೊಲೆಗೆ ಹಗ್ಗ ಕಟ್ಟಿ, ಅದನ್ನು ಜಗ್ಗಿ ಹಿಡಿದು ಬ್ಯಾನೆ ಕೊಡಬೇಕಲ್ಲ. ಆಕೆಯ ಹತ್ತಿರ ಇದ್ದದ್ದು ಅದೊಂದೇ ಗಟ್ಟಿ ಹಗ್ಗ. ಸೇಡಿಗೆ ಬಿಚ್ಚಿದಳೆಂದು ಅಜ್ಜ ಸಾಯುವವರೆಗೂ ಹೇಳಿದರು. "ನನ್ನ ಹಗ್ಗ, ನಾ ಒಯ್ದೆ," ಎಂದು ಆಕೆಯೂ ಸಾಯುವವರೆಗೂ ಹೇಳಿದಳು. ಎರಡೂ ನಿಜವಿರಬಹುದು.

ಪಂಚರು ಮೊದಲ ಹೋಳಿಗೆ ಮುಗಿಸುವಷ್ಟರಲ್ಲಿ ದಂಡೆ ದೂರವಾಗಿತ್ತು. ಗಾಳಿ ಗಡ್ಡಿಯನ್ನು ನಡುಗೆರೆಗೆ ಒಯ್ದು ನಿಲ್ಲಿಸಿತು. ಒಬ್ಬ ಹೆಂಗಸನ್ನೂ ನಾಲ್ಕು ಗಡಿಗೆಯನ್ನೂ ಹೊರುತ್ತಿದ್ದ ಬೇರಿನ ಹಾಸು, ತುಪ್ಪ ತಿಂದು ಬೆಳೆದ ಇಷ್ಟೊಂದು ದೊಡ್ಡ ಮನುಷ್ಯರನ್ನು ಹೊರಲು ಒಪ್ಪಲಿಲ್ಲ, ಕುಸಿಯತೊಡಗಿತು. ನೀರು ಮೊದಲು ಧೋತರದ ಅಂಚಿಗೆ ಬಂತು, ಆಮೇಲೆ ತೊಡೆಗೆ, ಕಡೆಗೆ ಸೊಂಟಕ್ಕೆ. ಗುಡಿಸಲಿನ ಕಂಬ ತಬ್ಬಿಕೊಂಡು ಉಜ್ಜಿನಪ್ಪ ಮನೆದೇವರನ್ನೂ ನೆರೆಮನೆ ದೇವರನ್ನೂ ಕೂಗಿದ. ಅವರಲ್ಲಿ ಈಜು ಬರುತ್ತಿದ್ದವರು ಯಾರೂ ಇರಲಿಲ್ಲ. ತೋಪಿನ ಜನ ಏರಿ ಹತ್ತಿ ನೋಡಿದರು. ಹರಿಗೋಲು ಇದ್ದದ್ದು ಒಂದೇ, ಅದು ಅಲ್ಲಿರಲಿಲ್ಲ.

ಅದು ಊರ ಕಡೆಯ ದಂಡೆಯಲ್ಲಿತ್ತು. ಆಚೆ ದಂಡೆಗೆ ಹುಟ್ಟು ಹಾಕಿಕೊಂಡು ಹೋಗುವಷ್ಟು ಹೊತ್ತು ಹೊಳೆಮ್ಮನಿಗೆ ಉಳಿದಿರಲಿಲ್ಲ, ಹೋದರೂ ಅಲ್ಲಿ ಬರೀ ಬಂಡೆ. ಸೂಲಗಿತ್ತಿ ತೋಪಿನಲ್ಲಿದ್ದಳು, ಅವಳು ಸೀಮೆಕಲ್ಲು ದಾಟಿ ಬರುವಂತಿರಲಿಲ್ಲ. ಉಚ್ಚೆಂಗಮ್ಮ ತಿರುಗಿ ಊರು ನೋಡಿದಳು. ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಮಗಳನ್ನು ಎತ್ತಿಕೊಂಡು ನೇರ ತನ್ನ ಮನೆಗೆ ನಡೆದಳು, ಮುಳ್ಳು ಎಳೆದು ಬಿಸಾಡಿದಳು, ತೊಲೆಗೆ ಹಗ್ಗ ಕಟ್ಟಿದಳು. ಒಲೆಗೆ ಚಕಮಕಿಯಿಂದ ಬೆಂಕಿ ಹಾಕಿ ನೀರಿಟ್ಟಳು. ಊರಮ್ಮ ಎದುರಿಗೆ ಬಂದಿದ್ದರೆ ಅವಳ ಕೈಗೂ ಕೊಡ ಕೊಟ್ಟು ನೀರಿಗೆ ಕಳಿಸುತ್ತಿದ್ದಳು ಎಂದು ಅಜ್ಜಿ ಹೇಳುತ್ತಿದ್ದಳು.

ಇಡೀ ದಿನ ಬ್ಯಾನೆ. ಹೊತ್ತು ಇಳಿಯುವಾಗ ಖಾಲಿ ಊರಿನಿಂದ ಒಂದು ಕೂಸು ಅತ್ತಿತು.

ತೋಪಿನಲ್ಲಿದ್ದವರೆಲ್ಲ ಎದ್ದು ನಿಂತರು. ನಡುಗೆರೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ಕೂತವರಿಗೂ ಕೇಳಿಸಿತು. "ಊರಮ್ಮ ಅಳಾಕ ಹತ್ಯಾಳ್ರೋ!" ಎಂದು ಉಜ್ಜಿನಪ್ಪ ಕಣ್ಣು ಮುಚ್ಚಿಕೊಂಡ. ಅಜ್ಜ ಮಾತ್ರ ಒಂದು ಮಾಳಿಗೆಯ ಗವಾಕ್ಷಿಯಿಂದ ಹೊಗೆ ಏಳುವುದನ್ನು ನೋಡಿದರು. ಯಾರ ಮಾಳಿಗೆ ಎಂದು ಅವರಿಗೆ ತಿಳಿಯಿತು.

ಗಾಳಿ ತಗ್ಗಿದ ಮೇಲೆ ಪಂಚರು ಹಿತ್ತಾಳೆ ಗಂಗಾಳಗಳನ್ನೇ ಹುಟ್ಟು ಮಾಡಿಕೊಂಡು ಬಡಿದು ಬಡಿದು ಏರಿಗೆ ಬಂದು ಹತ್ತಿದರು. ಜನ ಅವರನ್ನು ನೋಡಿ ನಗಲಿಲ್ಲ. ನಗುವುದನ್ನು ಮುಂದಕ್ಕೆ ಇಟ್ಟುಕೊಂಡರು. ಹೊತ್ತು ಮುಳುಗಿತು. ಅಗಸೆಯ ಮುಳ್ಳು ತೆಗೆದು ಎಲ್ಲರೂ ಗುಡಿ ಮುಂದೆ ನೆರೆದರು. ಅಜ್ಜ ಸೊಂಟದ ಚೀಲದಿಂದ ಚಕಮಕಿ ತೆಗೆದು ಹೊಡೆದರು. ಕಿಡಿ ಹಾರಿತು, ಅರಳೆ ಹೊತ್ತಲಿಲ್ಲ. ಮತ್ತೆ ಹೊಡೆದರು. ಊರಮ್ಮನ ಪಾದದಡಿ ಇಟ್ಟು ಪೂಜೆ ಮಾಡಿದ ಅರಳೆಯೇ ಆಗಬೇಕು. ಅದು ಗೌಡರ ಸೊಂಟದಲ್ಲೇ ಇದ್ದು, ಅವರಿಗಿಂತ ಹೆಚ್ಚು ನೆಂದಿತ್ತು. ಮಕ್ಕಳು ಹಸಿವೆಗೆ ಅಳತೊಡಗಿದವು. ಮುದುಕಿಯರು ನಡುಗುತ್ತಿದ್ದರು. ಊರಿನಲ್ಲಿ ಬೆಂಕಿ ಇದ್ದದ್ದು ಒಂದೇ ಮನೆಯಲ್ಲಿ, ಅದು ಆ ದಿನ ಊರೊಳಗೇ ಹುಟ್ಟಿದ ಬೆಂಕಿ.

ಎಲ್ಲರಿಗೂ ಅದು ಹೊಳೆದಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಅಜ್ಜಿ ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ತರಲು ಸಗಣಿಯ ಕುಳ್ಳು ಇಟ್ಟುಕೊಂಡು ಹೊರಟಳು.

"ಲೇ, ಅದು ಪುರುಡಿನ ಮನಿ ಬೆಂಕಿ!" ಎಂದರು ಅಜ್ಜ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಹೆತ್ತ ಮನೆಯ ಪುರುಡೂ ಇಲ್ಲ ಸತ್ತ ಮನೆಯ ಸೂತಕವೂ ಇಲ್ಲ ಎಂದು ಊರಿಗೆಲ್ಲ ಬೋಧಿಸುತ್ತಿದ್ದವರು ಅವರೇ.

"ನೀವೇನು ಗಿಡದಾಗ ಬಿಟ್ಟಿದ್ರೇನ್ರಿ?" ಎಂದಳು ಅಜ್ಜಿ, ತಿರುಗಿಯೂ ನೋಡದೆ.

ಉಚ್ಚೆಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಮಗಳನ್ನು ಹೊರಗೆ ಎಳೆದು ಹಾಕುತ್ತಾರೆಂದು ಕುಡುಗೋಲು ಹಿಡಿದೇ ನಿಂತಿದ್ದಳು. ಬಂದದ್ದು ಬೋಕಿ ಹಿಡಿದ ಗೌಡತಿ, ಆಕೆಯ ಹಿಂದೆ ಕುಳ್ಳು ಹಿಡಿದ ಊರ ಹೆಂಗಸರ ಸಾಲು. ಬೇಕಾದರೆ ಅವತ್ತು ಏನೇನೋ ಕೇಳಬಹುದಿತ್ತು, ಎಂತೆಂಥ ಮಾತೋ ಆಡಬಹುದಿತ್ತು. "ಸಪ್ಪಳ ಮಾಡಬ್ಯಾಡ್ರಬೇ, ಹುಡುಗಿ ಈಗ ಕಣ್ಣು ಮುಚ್ಯಾಳ," ಎಂದಷ್ಟೇ ಹೇಳಿ ಕುಡುಗೋಲು ಕೆಳಗಿಟ್ಟು ಒಲೆ ಮುಂದೆ ಕೂತಳು. ಒಬ್ಬೊಬ್ಬರಿಗೂ ಒಂದೊಂದು ಕೆಂಡ ಎತ್ತಿ ಕೊಟ್ಟಳು. ಯಾರನ್ನೂ ಬಿಡಲಿಲ್ಲ. ಸಾಲು ಕರಗುವ ಹೊತ್ತಿಗೆ ಅವಳ ಒಲೆಯಲ್ಲಿ ಬೂದಿ ಮಾತ್ರ ಇತ್ತು, ಬಾಣಂತಿಯ ಮೈಗೆ ಇಟ್ಟ ನೀರು ಆರಿಹೋಗಿತ್ತು.

ಅದನ್ನು ಅಜ್ಜಿ ನೋಡಿಕೊಂಡೇ ಬಂದಳು. ಮನೆಯಲ್ಲಿ ಒಲೆ ಹೊತ್ತಿಸಿದಳು, ಹೆಂಚಿಟ್ಟಳು, ಹಿಟ್ಟು ನಾದಿದಳು. ಒದ್ದೆ ಧೋತರ ಬದಲಿಸಿ ಗಂಗಾಳದ ಮುಂದೆ ಕೂತ ಅಜ್ಜನಿಗೆ ರೊಟ್ಟಿ ಹಾಕಲಿಲ್ಲ. ಒಲೆಯಿಂದ ಕೆಂಡ ತೆಗೆದು ಬೋಕಿಗೆ ತುಂಬಿ ಅವರ ಮುಂದೆ ಇಟ್ಟಳು.

"ಬಾಣಂತಿಗೆ ನೀರು ಕಾದಿಲ್ಲ. ಒಯ್ದು ಕೊಟ್ಟು ಬಂದು ಉಣ್ರಿ."

ಅಜ್ಜ ಬೋಕಿಯನ್ನು ನೋಡಿದರು, ಖಾಲಿ ಗಂಗಾಳವನ್ನು ನೋಡಿದರು. ರೊಟ್ಟಿ ವಾಸನೆ ಬರುತ್ತಿತ್ತು. ಕಡೆಗೆ ಎದ್ದು, ಬೋಕಿಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಹಿಡಿದುಕೊಂಡು, ತೆರೆದ ಬಾಗಿಲುಗಳ ನಡುವೆ, ಎಲ್ಲರೂ ನೋಡುತ್ತಿರುವಾಗ ನಡೆದರು. ಉಚ್ಚೆಂಗಮ್ಮನ ಹೊಸ್ತಿಲ ಹೊರಗೆ ನಿಂತು, ಮುಖ ಆ ಕಡೆ ತಿರುಗಿಸಿ, ಬೋಕಿಯನ್ನು ಕೆಳಗಿಡಲು ಬಗ್ಗಿದರು.

"ಅಲ್ಲಿಟ್ರ ನೀರು ಕಾಯಂಗಿಲ್ರಿ ಗೌಡ್ರ," ಎಂದಳು ಉಚ್ಚೆಂಗಮ್ಮ ಒಳಗಿನಿಂದ. "ಕೂಸಿಗೆ ಥಂಡಿ ಹತ್ತೈತಿ. ಒಳಗ ತಂದು ಒಲಿಗೆ ಹಾಕ್ರಿ."

ನನ್ನ ಅಜ್ಜ ತಲೆ ಬಗ್ಗಿಸಿ ಒಳಗೆ ಹೋದರು. ಕೆಂಡವನ್ನು ಒಲೆಗೆ ಸುರಿದು, ಮಂಡಿಯೂರಿ ಕೂತು, ಬೆಂಕಿ ಹೊತ್ತುವವರೆಗೂ ಊದಿದರು.